ತೂಕ ನಿಂತಾಗ ಊಟ ಇನ್ನೂ ಕಡಿಮೆ ಮಾಡಬೇಡಿ

ಹತ್ತು ವಾರ. ಪೂರ್ತಿ ಹತ್ತು ವಾರ ನನ್ನ ತೂಕ 77ರಿಂದ ಕೆಳಗೆ ಇಳಿಯಲಿಲ್ಲ. ಬೆಳಿಗ್ಗೆ ಎದ್ದು, ನೀರೂ ಕುಡಿಯದೆ ಮಷೀನ್ ಮೇಲೆ ನಿಲ್ಲುತ್ತಿದ್ದೆ. 77.2. ಮಾರನೇ ದಿನ 76.9. ಅದರ ಮಾರನೇ ದಿನ 77.4. ಸುತ್ತಿ ಸುತ್ತಿ ಅಲ್ಲೇ.

ಅದಕ್ಕೆ ಮುಂಚೆ ನಾಲ್ಕು ತಿಂಗಳಲ್ಲಿ 86ರಿಂದ 77ಕ್ಕೆ ಬಂದಿದ್ದೆ. ಮೊದಲ ಎರಡು ವಾರದಲ್ಲೇ ಮೂರು ಕೆಜಿ ಹೋಗಿತ್ತು. ಎಲ್ಲರೂ ಕೇಳುವವರೇ, ಏನು ಮಾಡ್ತಿದ್ದೀರಿ, ನಮಗೂ ಹೇಳಿ ಅಂತ. ಆಮೇಲೆ ನಿಂತಿತು. ನಾನು ಡಯಟ್ ಬಿಟ್ಟಿರಲಿಲ್ಲ. ವಾರಕ್ಕೆ ಐದು ದಿನ ವ್ಯಾಯಾಮ ತಪ್ಪಿಸಿರಲಿಲ್ಲ. ಆದರೂ ನಿಂತಿತು.

ಆ ಸಮಯದಲ್ಲಿ ಜಿಮ್‌ನ ಟ್ರೇನರ್ ಒಬ್ಬರು ಎಲ್ಲರ ಎದುರಿಗೆ, "ಮೇಡಂ, ಮನೇಲಿ ಕದ್ದು ತಿಂತಿದ್ದೀರಿ ಅನ್ಸುತ್ತೆ" ಅಂದರು. ಏನೂ ಹೇಳಲಾಗದೆ ಬ್ಯಾಗ್ ತಗೊಂಡು ಹೊರಗೆ ಬಂದೆ. ಗಾಡಿ ಹತ್ತಿರ ನಿಂತು ಅತ್ತೆ. ಅವತ್ತಿನಿಂದ ರಾತ್ರಿ ಊಟ ಬಿಟ್ಟೆ. ಎರಡು ವಾರ ಹಾಗೇ ಕಳೆದೆ. ಕೈಕಾಲು ಸದಾ ತಣ್ಣಗಿರುತ್ತಿದ್ದವು. ಸಣ್ಣ ಮಾತಿಗೂ ಮನೆಯವರ ಮೇಲೆ ರೇಗುತ್ತಿದ್ದೆ. ತೂಕ ಮಾತ್ರ ಅಲ್ಲಾಡಲಿಲ್ಲ.

ಇವತ್ತು ಇದನ್ನೆಲ್ಲ ಬರೆಯುತ್ತಿರುವುದು ಅದೇ ಜಾಗದಲ್ಲಿ ನಿಂತಿರುವವರಿಗಾಗಿ. ತೂಕ ನಿಂತಾಗ ನಾವೆಲ್ಲ ಮೊದಲು ಮಾಡುವ ಕೆಲಸ ತಟ್ಟೆಯಲ್ಲಿರುವುದನ್ನು ಇನ್ನೂ ಕಡಿಮೆ ಮಾಡುವುದು. ನನ್ನ ಪ್ರಕಾರ ಅದು ಕೊನೆಗೆ ಯೋಚಿಸಬೇಕಾದ ಕೆಲಸ. ಮೊದಲು ಮಾಡಬೇಕಾದದ್ದು ಅಳೆಯುವುದು.

ಮೊದಲ ವಾರಗಳ ವಿಷಯವನ್ನೇ ತಗೊಳ್ಳಿ. ಆ ಮೂರು ಕೆಜಿಯಲ್ಲಿ ಹೆಚ್ಚಿನ ಪಾಲು ಕೊಬ್ಬು ಅಲ್ಲವೇ ಅಲ್ಲ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದಾಗ ಮೊದಲು ಖಾಲಿಯಾಗುವುದು ಈ ದಾಸ್ತಾನು, ಅದರ ಜೊತೆ ಆ ನೀರು. ಕೊಬ್ಬು ಅಷ್ಟು ಬೇಗ ಹೋಗುವುದಿಲ್ಲ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೂ ಎರಡು ವಾರಕ್ಕೂ ಜಾಸ್ತಿ ಬೇಕು. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಆ ಮೊದಲ ಎರಡು ವಾರದ ವೇಗವನ್ನೇ ಕೊನೆವರೆಗೂ ಕಾಯುತ್ತಾ ಕೂರುತ್ತಿರಲಿಲ್ಲ.

ಇನ್ನೊಂದು ವಿಷಯ ಹೊಳೆಯಲು ಇನ್ನೂ ತಡವಾಯಿತು. 86 ಕೆಜಿ ಇದ್ದಾಗ ನಾನು ಎದ್ದರೂ ಕೂತರೂ ಮೆಟ್ಟಿಲು ಹತ್ತಿದರೂ ಒಂಬತ್ತು ಕೆಜಿಯ ಚೀಲ ಹೊತ್ತುಕೊಂಡೇ ಮಾಡುತ್ತಿದ್ದೆ. ಈಗ ಆ ಚೀಲ ಇಲ್ಲ. ಅದೇ ಅರ್ಧ ಗಂಟೆ ವಾಕಿಂಗ್‌ಗೆ ಈಗ ಕಡಿಮೆ ಖರ್ಚು. 86ರಲ್ಲಿ ತೂಕ ಇಳಿಸಿದ ಊಟ 77ರಲ್ಲಿ ತೂಕ ಕಾಯುವ ಊಟ ಆಗಿಬಿಡಬಹುದು. ನಾನು ಬದಲಾಗಿದ್ದೆ, ಲೆಕ್ಕ ಬದಲಾಗಿರಲಿಲ್ಲ.

ದೇಹ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಹಾರ್ಮೋನ್ ಕಡಿಮೆಯಾಗುತ್ತದೆ. ಇದು ಪತ್ತೆಯಾಗಿದ್ದು 1994ರಲ್ಲಿ. ಅದು ಕಡಿಮೆಯಾದಾಗ ಮೆದುಳಿಗೆ ಹೋಗುವ ಸುದ್ದಿ ಒಂದೇ: ದಾಸ್ತಾನು ಮುಗಿಯುತ್ತಿದೆ, ಹಸಿವು ಹೆಚ್ಚಿಸು, ಖರ್ಚು ಕಡಿಮೆ ಮಾಡು.

ಈ ಖರ್ಚು ಕಡಿಮೆ ಮಾಡುವುದು ಎಲ್ಲಿವರೆಗೆ ಹೋಗುತ್ತದೆ ಅಂತ ನನಗೆ ಅರ್ಥವಾಗಿದ್ದು ಅಮೆರಿಕದ ಮಿನ್ನೆಸೋಟದಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಓದಿದಾಗ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತು. ಹಸಿವಿನಿಂದ ಬಳಲಿದ ಜನರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಎಲ್ಲರೂ ತಾವಾಗಿಯೇ ಮುಂದೆ ಬಂದವರು. 1945ರಲ್ಲಿ 24 ವಾರ ಅವರಿಗೆ ಅರೆಹೊಟ್ಟೆ ಊಟ, ದಿನಕ್ಕೆ ಸುಮಾರು 1,570 ಕ್ಯಾಲೊರಿ. ಜೊತೆಗೆ ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ. ದೇಹದ ತೂಕದ ಹತ್ತಿರ ಹತ್ತಿರ ಕಾಲು ಭಾಗ ಹೋಯಿತು. ಸುಮ್ಮನೆ ಮಲಗಿದ್ದಾಗ ದೇಹ ಉರಿಸುವ ಶಕ್ತಿ ಸುಮಾರು ಶೇ 40ರಷ್ಟು ಕುಸಿಯಿತು. ಅವರಿಗೆ ಯಾವಾಗಲೂ ಚಳಿ. ಯಾವಾಗಲೂ ಊಟದ್ದೇ ಯೋಚನೆ. ಬೇಸರ, ಸಿಟ್ಟು. ಕಾಲಿನಲ್ಲಿ ನೀರು ತುಂಬಿ ಬಾವು.

ಓದುತ್ತಾ ಓದುತ್ತಾ ನನ್ನ ತಣ್ಣಗಿನ ಕೈಗಳನ್ನು ನೋಡಿಕೊಂಡೆ. ಅವರದ್ದು ಬಹಳ ದೊಡ್ಡ ಕಷ್ಟ, ನನ್ನದನ್ನು ಅದರ ಪಕ್ಕ ಇಡಲು ಆಗುವುದಿಲ್ಲ. ಆದರೆ ಆ ರೇಗಾಟ, ಆ ಚಳಿ ನನ್ನ ಸ್ವಭಾವದ ದೋಷ ಅಲ್ಲ ಅಂತ ಅವತ್ತು ಮೊದಲ ಸಲ ಅನ್ನಿಸಿತು.

ನನ್ನ ಓಡಾಟವೂ ಕಡಿಮೆಯಾಗಿದ್ದನ್ನು ಮನೆಯಲ್ಲಿ ಮೊದಲು ಗಮನಿಸಿದ್ದು ಮಗಳು. ಒಂದು ಸಂಜೆ ಸೋಫಾದಲ್ಲಿ ಕೂತು, "ಪುಟ್ಟಿ, ಸ್ವಲ್ಪ ನೀರು ತಂದುಕೊಡೇ" ಅಂದೆ. ನೀರು ತಂದುಕೊಟ್ಟು ಅಲ್ಲೇ ನಿಂತಳು. "ಅಮ್ಮಾ, ನೀನು ಮುಂಚೆ ಹೀಗೆ ಕೂರ್ತಾನೇ ಇರ್ಲಿಲ್ಲ ಅಲ್ವಾ? ಈಗ ಎಲ್ಲದಕ್ಕೂ ನನ್ನೇ ಕರೀತೀಯ." ನಾನು ಲೋಟ ಹಿಡಿದುಕೊಂಡು ಹಾಗೇ ಕೂತೆ. ನಿಜ. ಫೋನ್ ಚಾರ್ಜರ್ ತಾ, ಕಿಟಕಿ ಹಾಕು, ಫ್ಯಾನ್ ಆರಿಸು. ಬೆಳಿಗ್ಗೆ ಒಂದು ಗಂಟೆ ಬೆವರು ಹರಿಸುತ್ತಿದ್ದೆ, ಉಳಿದ ದಿನವೆಲ್ಲ ಗೊತ್ತಿಲ್ಲದೆ ಕೂತಿರುತ್ತಿದ್ದೆ. ಮೊಬೈಲ್‌ನಲ್ಲಿ ಹೆಜ್ಜೆಗಳ ಲೆಕ್ಕ ತೆಗೆದು ನೋಡಿದೆ. ಶುರುವಿನ ತಿಂಗಳಲ್ಲಿ ದಿನಕ್ಕೆ ಒಂಬತ್ತು ಸಾವಿರದ ಆಸುಪಾಸು ಇತ್ತು. ಈಗ ಐದು ಸಾವಿರವೂ ಇಲ್ಲ.

ವ್ಯಾಯಾಮ ಬಿಟ್ಟು ದಿನವಿಡೀ ನಾವು ಮಾಡುವ ಸಣ್ಣಪುಟ್ಟ ಓಡಾಟ, ನಿಲ್ಲುವುದು, ಬಗ್ಗುವುದು, ಇವಕ್ಕೆಲ್ಲ ಶಕ್ತಿ ಖರ್ಚಾಗುತ್ತದೆ. ಒಬ್ಬರಿಂದ ಒಬ್ಬರಿಗೆ ಇದರಲ್ಲಿ ಬಹಳ ವ್ಯತ್ಯಾಸ. ಊಟ ಕಡಿಮೆಯಾದಾಗ ದೇಹ ಮೊದಲು ಕೈ ಹಾಕುವ ಜಾಗಗಳಲ್ಲಿ ಇದೂ ಒಂದು. ಇದು ಸೋಮಾರಿತನ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ.

ಈಗ ಹೇಳಲು ಕಷ್ಟವಾಗುವ ಮಾತು. ನಾನು ಕದ್ದು ತಿಂದಿರಲಿಲ್ಲ. ಆದರೆ ನನ್ನ ಲೆಕ್ಕ ತಪ್ಪಾಗಿತ್ತು.

ಒಂದು ಭಾನುವಾರ ಅಡುಗೆಮನೆಯಲ್ಲಿ ಎಣ್ಣೆ ಬಾಟಲಿ ಪಕ್ಕ ಸಣ್ಣ ತಕ್ಕಡಿ ಇಟ್ಟೆ. ದಿನಾ ಹಾಕುವ ಹಾಗೆಯೇ, ಕಣ್ಣಳತೆಯಲ್ಲಿ, ಬಾಟಲಿ ಬಗ್ಗಿಸಿ ಬಾಣಲೆಗೆ ಎಣ್ಣೆ ಸುರಿದೆ. ಅದು ಎರಡು ಟೀ ಚಮಚ ಅಂತ ಇಷ್ಟು ತಿಂಗಳಿಂದ ನಂಬಿದ್ದೆ, ಹಾಗೇ ಬರೆದುಕೊಳ್ಳುತ್ತಿದ್ದೆ. ಎರಡು ಟೀ ಚಮಚ ಅಂದರೆ 9 ಗ್ರಾಂ. ಬಾಟಲಿಯನ್ನು ಮತ್ತೆ ತೂಗಿದೆ. 31 ಗ್ರಾಂ ಕಡಿಮೆಯಾಗಿತ್ತು. ಎಣ್ಣೆಯ ಒಂದು ಗ್ರಾಂಗೆ 9 ಕ್ಯಾಲೊರಿ. ಸುಮಾರು 200 ಕ್ಯಾಲೊರಿ ಲೆಕ್ಕಕ್ಕೇ ಸಿಗದೆ ಬಾಣಲೆಗೆ ಹೋಗಿತ್ತು. ಎಲ್ಲವೂ ನನ್ನ ಹೊಟ್ಟೆಗೇ ಹೋಗುವುದಿಲ್ಲ, ಮನೆಯವರಿಗೂ ಹಂಚಿಹೋಗುತ್ತದೆ. ಆದರೆ ದಿನಕ್ಕೆ ಎರಡು ಮೂರು ಸಲ ಒಲೆ ಹಚ್ಚುತ್ತೇವೆ ಅಲ್ವಾ? ಉಪ್ಪು ಖಾರ ನೋಡಲು ಬಾಯಿಗೆ ಹಾಕಿದ್ದು, ಮಗಳ ತಟ್ಟೆಯಲ್ಲಿ ಉಳಿದಿದ್ದು, ಹಸಿವು ತಡೆಯದೆ ಡಬ್ಬಿಯಿಂದ ತೆಗೆದ ಒಂದು ಹಿಡಿ ಬಾದಾಮಿ. ಒಂದು ವಾರ ಎಲ್ಲವನ್ನೂ ತೂಗಿ ಬರೆದೆ. ದಿನಕ್ಕೆ 1,400 ಅಂದುಕೊಂಡಿದ್ದು ನಿಜದಲ್ಲಿ 1,800ರ ಹತ್ತಿರ ಇತ್ತು.

1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎಷ್ಟೇ ಡಯಟ್ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುವವರನ್ನೇ ಪರೀಕ್ಷೆ ಮಾಡಿದ್ದರು. ಅವರ ಮೆಟಬಾಲಿಸಂನಲ್ಲಿ, ಅಂದರೆ ದೇಹ ಶಕ್ತಿ ಉರಿಸುವ ರೀತಿಯಲ್ಲಿ, ಏನೂ ತೊಂದರೆ ಕಾಣಲಿಲ್ಲ. ಆದರೆ ತಿಂದದ್ದನ್ನು ಅವರು ಸರಾಸರಿ ಶೇ 47ರಷ್ಟು ಕಡಿಮೆ ಹೇಳಿದ್ದರು. ಓಡಾಟವನ್ನು ಶೇ 51ರಷ್ಟು ಜಾಸ್ತಿ ಹೇಳಿದ್ದರು. ಇದನ್ನು ಓದಿ ಆ ಟ್ರೇನರ್ ಹೇಳಿದ್ದೇ ಸರಿ ಅಂದುಕೊಳ್ಳಬೇಡಿ. ಕಣ್ಣಳತೆ ತಪ್ಪುವುದು ಬೇರೆ, ಸುಳ್ಳು ಹೇಳುವುದು ಬೇರೆ. ಮೊದಲನೆಯದಕ್ಕೆ ಒಂದು ಚಮಚ ಸಾಕು. ಎರಡನೆಯ ಆರೋಪ ಹೊತ್ತವರು ಜಿಮ್‌ಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ನಾನು ಆ ಜಿಮ್ ಬಿಟ್ಟೆ.

ಮಷೀನ್ ಹೇಳದ ಸಂಗತಿ ಇನ್ನೊಂದಿತ್ತು. ಹೊಸ ವ್ಯಾಯಾಮ ಶುರು ಮಾಡಿದಾಗ, ಉಪ್ಪು ಜಾಸ್ತಿಯಾದಾಗ, ನಿದ್ದೆಗೆಟ್ಟಾಗ, ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ, ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಂದೆರಡು ಕೆಜಿ ಹೀಗೇ ಏರಿಳಿಯಬಹುದು. ಅದರ ಕೆಳಗೆ ಕೊಬ್ಬು ನಿಧಾನವಾಗಿ ಕರಗುತ್ತಿದ್ದರೂ ಕಾಣುವುದಿಲ್ಲ. ಆ ಹತ್ತು ವಾರದಲ್ಲಿ ನನ್ನ ಹಳೇ ಪ್ಯಾಂಟ್ ಒಂದರ ಗುಂಡಿ ಉಸಿರು ಬಿಗಿಹಿಡಿಯದೆಯೇ ಹಾಕಲು ಬಂದಿತ್ತು. ಆದರೂ ನಾನು ಮಷೀನನ್ನೇ ನಂಬಿದೆ. ಮೊದಲ ದಿನವೇ ಟೇಪ್ ಹಿಡಿದು ಸೊಂಟದ ಅಳತೆ ಬರೆದಿಟ್ಟುಕೊಳ್ಳಲಿಲ್ಲವಲ್ಲ ಅನ್ನುವುದು ನನಗೆ ಈಗಲೂ ಬೇಸರ. ನೀವು ಇವತ್ತೇ ಬರೆದಿಡಿ.

ಆಮೇಲೆ ಏನು ಮಾಡಿದೆ? ಎರಡು ವಾರ ಡಯಟ್ ನಿಲ್ಲಿಸಿದೆ. ಬೇಕಾಬಿಟ್ಟಿ ತಿನ್ನಲಿಲ್ಲ. ಈಗಿನ ತೂಕ ಹಾಗೇ ಉಳಿಯಲು ಎಷ್ಟು ಬೇಕೋ ಅಷ್ಟು, ಅಳೆದು, ಮೂರೂ ಹೊತ್ತು ತಿಂದೆ. ಮೊದಲ ವಾರ 800 ಗ್ರಾಂ ಏರಿತು. ಭಯವಾಯಿತು. ನೀರು, ನೀರು ಅಂತ ನನಗೆ ನಾನೇ ಹೇಳಿಕೊಂಡೆ. ಕೈಕಾಲು ಬೆಚ್ಚಗಾದವು. ರಾತ್ರಿ ನಿದ್ದೆ ಬಂತು. 2017ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಎರಡು ವಾರ ಡಯಟ್, ಎರಡು ವಾರ ವಿರಾಮ ಅಂತ ಮಾಡಿದ ಗಂಡಸರು ಒಂದೇ ಸಮನೆ ಡಯಟ್ ಮಾಡಿದವರಿಗಿಂತ ಜಾಸ್ತಿ ತೂಕ ಇಳಿಸಿದ್ದರು. ಆಮೇಲೆ ಬಂದ ಅಧ್ಯಯನಗಳಲ್ಲೆಲ್ಲ ಅಷ್ಟು ವ್ಯತ್ಯಾಸ ಕಂಡಿಲ್ಲ, ಹಾಗಾಗಿ ಇದು ಮಂತ್ರದಂಡ ಅಂತ ನಾನು ಹೇಳುವುದಿಲ್ಲ. ನನಗೆ ಮಾತ್ರ ಮತ್ತೆ ಶುರು ಮಾಡುವ ಚೈತನ್ಯ ಬಂದಿದ್ದು ಆ ಎರಡು ವಾರದಿಂದಲೇ.

ಮತ್ತೆ ಶುರು ಮಾಡಿದಾಗ ದಿನಕ್ಕೆ 1,550, ಎಣ್ಣೆ ಚಮಚದಲ್ಲೇ. ಪ್ರತಿ ಊಟದಲ್ಲೂ ಪ್ರೋಟೀನ್ ಇರಲೇಬೇಕು ಅಂತ ಮಾಡಿಕೊಂಡೆ. ಪ್ರೋಟೀನ್ ಹೊಟ್ಟೆ ತುಂಬಿದ ಹಾಗೆ ಇಡುತ್ತದೆ, ಅದನ್ನು ಜೀರ್ಣ ಮಾಡಲು ಅದರಲ್ಲಿರುವ ಕ್ಯಾಲೊರಿಯಲ್ಲೇ ಶೇ 20ರಿಂದ 30ರಷ್ಟು ಖರ್ಚಾಗುತ್ತದೆ. ಐದು ದಿನದ ಓಟವನ್ನು ಎರಡು ದಿನಕ್ಕೆ ಇಳಿಸಿ, ಮೂರು ದಿನ ಮನೆಯಲ್ಲೇ ಡಂಬಲ್ಸ್ ಎತ್ತಿದೆ. ತೂಕ ಇಳಿಯುವಾಗ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ಭಾರ ಎತ್ತಲೇಬೇಕು. ಹೆಂಗಸರೇ, ಡಂಬಲ್ಸ್ ಹಿಡಿದರೆ ಗಂಡಸರ ಹಾಗೆ ಆಗಿಬಿಡುತ್ತೇವೆ ಅನ್ನುವ ಹೆದರಿಕೆ ಬಿಡಿ. ಹಾಗೆ ಆಗುವುದಿಲ್ಲ.

ಮೂರನೇ ವಾರದ ಒಂದು ಬೆಳಿಗ್ಗೆ 75.8 ತೋರಿಸಿತು. ಮಷೀನ್ ಕೆಟ್ಟಿದೆ ಅಂದುಕೊಂಡು ಇಳಿದು ಮತ್ತೆ ಹತ್ತಿದೆ. 75.8.

ನಿದ್ದೆ ಬಗ್ಗೆ ಒಂದು ಮಾತು, ಇದನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. 2010ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಹತ್ತು ಜನಕ್ಕೆ ಅದೇ ಡಯಟ್ ಕೊಟ್ಟು, ಒಮ್ಮೆ ರಾತ್ರಿ ಎಂಟೂವರೆ ಗಂಟೆ, ಇನ್ನೊಮ್ಮೆ ಐದೂವರೆ ಗಂಟೆ ನಿದ್ದೆಗೆ ಬಿಟ್ಟರು. ಇಳಿದ ತೂಕ ಎರಡರಲ್ಲೂ ಹೆಚ್ಚೂಕಮ್ಮಿ ಒಂದೇ. ಆದರೆ ಕಡಿಮೆ ನಿದ್ದೆಯಲ್ಲಿ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಕೊಬ್ಬಲ್ಲದ ಭಾಗದಿಂದ ಹೋಗಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓಡುತ್ತಿದ್ದ ನನಗೆ ಇದು ಬಹಳ ನಾಟಿತು.

ಇಷ್ಟೆಲ್ಲ ಸರಿ ಇದ್ದೂ ತೂಕ ಅಲ್ಲಾಡದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್ ಇರಬಹುದು, ಹೆಂಗಸರಿಗೆ ಪಿಸಿಒಎಸ್ ಎಂಬ ಹಾರ್ಮೋನ್ ತೊಂದರೆ ಇರಬಹುದು. ಸ್ಟೆರಾಯ್ಡ್, ಇನ್ಸುಲಿನ್, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೇಳಿ. ನನ್ನ ಥೈರಾಯ್ಡ್ ರಿಪೋರ್ಟ್ ನಾರ್ಮಲ್ ಬಂತು.

ಈಗ 72.6 ಇದ್ದೇನೆ. ಮೂರು ವಾರದಿಂದ ಅಲ್ಲೇ ಇದೆ. ಈ ಸಲ ಊಟ ಬಿಟ್ಟಿಲ್ಲ. ಮತ್ತೆ ಎರಡು ವಾರದ ವಿರಾಮ ತಗೊಂಡಿದ್ದೇನೆ, ಟೇಪ್ ಅಳತೆ ಬರೆದಿಟ್ಟಿದ್ದೇನೆ. ಸಂಜೆ ಬಾಯಾರಿದಾಗ ನಾನೇ ಎದ್ದು ಹೋಗಿ ನೀರು ತಗೊಳ್ಳುತ್ತೇನೆ. ಮಗಳಿಗೂ ಒಂದು ಲೋಟ ತರುತ್ತೇನೆ.