ಕತ್ತು ನೋವು ಅಂತ ಬಂದವರ ಕಾಲನ್ನೂ ಒಂಚೂರು ನೋಡ್ರಪ್ಪಾ

ಈಗಷ್ಟೇ ಲಾಲ್‌ಬಾಗಿಂದ ಬಂದೆ. ಬಂಡೆ ಹತ್ತಿರ ಹಿರಿಯರೊಬ್ಬರು ಕತ್ತಿನ ಕಾಲರ್ ಬಿಚ್ಚಿಟ್ಟು ತಲೆಯನ್ನು ರುಬ್ಬುಗುಂಡಿನ ಥರ ತಿರುಗಿಸ್ತಿದ್ರು. ಒಂದು ಕೈ ಪಕ್ಕದವರ ಹೆಗಲ ಮೇಲೆ, ಇಲ್ಲಾಂದ್ರೆ ವಾಲುತ್ತಂತೆ. ಬಿಪಿ ನೋಡಿದ್ದಾರೆ, ಶುಗರ್ ನೋಡಿದ್ದಾರೆ, ಎಕ್ಸ್‌ರೇ ಆಗಿದೆ. ಕಾಲು ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಿಸಿ ಬ್ಯಾಲೆನ್ಸ್ ನೋಡಿದ್ರಾ? ಇಲ್ಲ. ನೋಡಲ್ಲ ಕಣ್ರೀ.

ತಲೆಬುರುಡೆಯ ಬುಡದ ಪುಟ್ಟ ಸ್ನಾಯುಗಳ ತುಂಬ, ತಲೆ ಎತ್ತ ವಾಲಿದೆ ಅಂತ ಮಿದುಳಿಗೆ ತಿಳಿಸೋ ಸಂವೇದಕಗಳಿವೆ. ನೋವು ಹಳೇದಾದಷ್ಟೂ ಆ ಸುದ್ದಿ ಕೆಡಬಹುದು. ಕಣ್ಣು, ಒಳಗಿವಿ ಹೇಳೋದಕ್ಕೂ ಕತ್ತು ಹೇಳೋದಕ್ಕೂ ತಾಳೆಯಾಗಲ್ಲ. ಬಸ್ ನಂಬರ್ ನೋಡೋಕೆ ತಲೆ ಹೊರಳಿಸಿದ್ರೆ ಮುಗೀತು, ಕಾಲಡಿಗೆ ಬೇರೆ ನಮ್ಮೂರ ಫುಟ್‌ಪಾತಿನ ಅಲುಗಾಡೋ ಚಪ್ಪಡಿ.

ಪತ್ತೆಹಚ್ಚೋಕೆ ದೊಡ್ಡ ಮಿಷನ್ ಬೇಡ. ಹಣೆಗೆ ಲೇಸರ್ ಪಾಯಿಂಟರ್ ಕಟ್ಟಿ ಗೋಡೆಯಿಂದ 90 ಸೆಂ.ಮೀ. ದೂರ ಕೂರಿಸಿ. ಕಣ್ಣು ಮುಚ್ಚಿ ತಲೆ ತಿರುಗಿಸಿ ಮೊದಲಿನ ಜಾಗಕ್ಕೇ ತರಲಿ. ಮತ್ತೆ ಮತ್ತೆ ಚುಕ್ಕಿ 7 ಸೆಂ.ಮೀ. ಆಚೆ ಬಿದ್ರೆ, ಅಂದ್ರೆ ಸುಮಾರು 4.5 ಡಿಗ್ರಿ, ಕತ್ತಿನ ಲೆಕ್ಕ ತಪ್ಪಿದೆ. ಕಣ್ಣು ಬಿಟ್ಟು ತಪ್ಪು ತಿದ್ದಿಕೊಳ್ತಾ ಇದನ್ನೇ ಮಾಡಿದ್ರೆ ಅದೇ ವ್ಯಾಯಾಮ.

ಜೊತೆಗೆ, ಮಂಡಿ ಮಡಿಸಿ ಅಂಗಾತ ಮಲಗಿ, ತಲೆ ಎತ್ತದೆ, "ಹೂಂ" ಅನ್ನೋ ಹಾಗೆ ಮೆಲ್ಲಗೆ ಗದ್ದ ತಗ್ಗಿಸಿ 10 ಸೆಕೆಂಡ್ ಹಿಡಿಯೋದು, 10 ಸಲ. ಎಲ್ಲರೂ ಎಡವೋದು ಇಲ್ಲೇ: ಜೋರಾಗಿ ಒತ್ತಿಬಿಡ್ತಾರೆ. ಕತ್ತಿನ ಮುಂದೆ ಹಗ್ಗದ ಥರ ಸ್ನಾಯು ಎದ್ದು ಬಂತಾ? ಒಳಗಿನ ಸ್ನಾಯುಗಳ ಕೆಲಸಾನ ಹೊರಗಿಂದು ಮಾಡ್ತಿದೆ, ಒತ್ತೋ ಬಲ ಅರ್ಧಕ್ಕೆ ಇಳಿಸಿ.

ಆಮೇಲೆ ಕೈ ಚಾಚಿ ಹೆಬ್ಬೆರಳ ಮೇಲೆ ಕಣ್ಣು ನೆಟ್ಟು ತಲೆ ಮಾತ್ರ ನಿಧಾನ ಹೊರಳಿಸಿ. ನಿಲ್ಲೋ ಅಭ್ಯಾಸ ಅಡುಗೆಮನೆ ಕಟ್ಟೆ ಪಕ್ಕ: ಪಾದ ಜೋಡಿಸಿ 30 ಸೆಕೆಂಡ್, ಮುಂದೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಹೆಬ್ಬೆರಳು ತಾಗಿಸಿ, ಆಮೇಲೆ ಕಣ್ಣು ಮುಚ್ಚಿ. ಮೆತ್ತನೆ ಹಾಸು ಕೊನೆಗೆ. ಮೊದಲ ದಿನವೇ ಹಾಸಿನ ಮೇಲೆ ಹತ್ತಿಸಿ ವಿಡಿಯೋ ತೆಗೆಯೋ ಮಹಾನುಭಾವರಿಗೆ ದೂರದಿಂದಲೇ ನಮಸ್ಕಾರ.

"ನೋವು ಹೋದ್ರೆ ಬ್ಯಾಲೆನ್ಸ್ ತಾನಾಗೇ ಬರುತ್ತೆ" ಅಂತೀರಾ? ಕೆಲವರಿಗೆ ಬರುತ್ತೆ, ಒಪ್ತೀನಿ. ಬರದವರು ಬಿಸಿ ಶಾಖ ತಗೊಂಡು, ಬಿಲ್ ಕಟ್ಟಿ, ವಾಲುತ್ತಲೇ ಮನೆಗೆ ಹೋಗಬೇಕಾ?

ಹಾಸಿಗೇಲಿ ಮಗ್ಗುಲು ಬದಲಿಸಿದ ತಕ್ಷಣ ಕೋಣೆಯೇ ಗಿರ್ರನೆ ತಿರುಗಿದ್ರೆ ಅದು ಒಳಗಿವಿ ಇರಬಹುದು, ಬೇರೆ ಚಿಕಿತ್ಸೆ. ಗುಂಡಿ ಹಾಕೋಕೆ ಬೆರಳು ತಡವರಿಸಿ ಕಾಲು ಬಿಗೀತಿದ್ರೆ ವ್ಯಾಯಾಮ ಬಿಟ್ಟು ಡಾಕ್ಟರ್ ಹತ್ತಿರ ಓಡಿ, ಬೆನ್ನುಹುರಿಗೆ ಒತ್ತಡ ಇರಬಹುದು. ಇದ್ದಕ್ಕಿದ್ದಂತೆ ಮಾತು ತೊದಲಿದ್ರೆ, ಒಂದು ಎರಡಾಗಿ ಕಂಡ್ರೆ ನೇರ ಎಮರ್ಜೆನ್ಸಿಗೆ.

ಇನ್ನು, ಇದನ್ನೆಲ್ಲ ಕಾಲರ್ ಹಾಕ್ಕೊಂಡೇ ಮಾಡಬಹುದಾ ಅಂತ ದಯವಿಟ್ಟು ಕಾಮೆಂಟಲ್ಲಿ ಕೇಳಬೇಡಿ.