ಅಜ್ಜನ ಊಟ, ನಮ್ಮ ಕುರ್ಚಿ

ಜೋಳದ ರೊಟ್ಟಿ ತಿಂದ್ರೆ ತೂಕ ಇಳಿಯುತ್ತೆ ಅಂತ ಒಂದು ರೀಲ್ಸ್ ಬರುತ್ತೆ. ಅದರ ಬೆನ್ನಿಗೇ ಇನ್ನೊಂದು, ರೊಟ್ಟಿ ಅನ್ನ ಎರಡೂ ಬಿಟ್ಟುಬಿಡಿ, ಬರೀ ಮೊಟ್ಟೆ ಪನೀರ್ ತಿನ್ನಿ ಅಂತ. ನಮ್ಮ ವಿಜಯಪುರದಲ್ಲಿ ಎರಡಕ್ಕೂ ಭಕ್ತರಿದ್ದಾರೆ. ಮೊದಲನೆಯವರು ಮಧ್ಯಾಹ್ನ ಮೂರು, ರಾತ್ರಿ ನಾಲ್ಕು ರೊಟ್ಟಿ ಮುಗಿಸಿ "ನಮ್ಮಜ್ಜ ಇದನ್ನ ತಿಂದು ತೊಂಬತ್ತು ವರ್ಷ ಬಾಳಿದಾನ್ರಿ" ಅಂತಾರೆ. ಎರಡನೆಯವರು ಒಂದಿಷ್ಟು ವಾರ ಮೊಟ್ಟೆ ತಿಂದು ನಾಲ್ಕೈದು ಕಿಲೋ ಇಳಿಸಿ, ಡಿಪಿ ಬದಲಿಸಿ, ಶ್ರಾವಣದಲ್ಲಿ ಹೋಳಿಗೆ ಮುಂದೆ ಸೋತು, ದೀಪಾವಳಿ ಹೊತ್ತಿಗೆ ಇಳಿದದ್ದಕ್ಕಿಂತ ಜಾಸ್ತಿ ಏರಿಸಿಕೊಂಡಿರುತ್ತಾರೆ. ನನಗೆ ಇಬ್ಬರ ಮಾತೂ ಒಪ್ಪಿಗೆ ಇಲ್ಲ. ಅದಕ್ಕೇ ಇಷ್ಟುದ್ದ ಬರೀತಿದ್ದೇನೆ. ಓದೋಕೆ ಪುರುಸೊತ್ತಿಲ್ಲ ಅಂದ್ರೆ ಎದ್ದು ಹತ್ತು ನಿಮಿಷ ಅಡ್ಡಾಡಿ ಬನ್ನಿ, ಬೇಸರವಿಲ್ಲ.

ಮೊದಲು ಅಜ್ಜನ ವಿಷಯ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಭಾರತೀಯರಿಗೆ ದಿನಕ್ಕೆ ಎಷ್ಟು ಊಟ ಬೇಕು ಅಂತ ಲೆಕ್ಕ ಹಾಕುವವರು ಅವರೇ. 2020ರ ಅವರ ಲೆಕ್ಕದಲ್ಲಿ, ಮೈಮುರಿದು ದುಡಿಯುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 3470 ಕ್ಯಾಲೊರಿ ಬೇಕು. ಅಷ್ಟೇ ತೂಕದ, ಕೂತು ಕೆಲಸ ಮಾಡುವ ಗಂಡಸಿಗೆ 2110 ಸಾಕು. ನಡುವಿನ ಅಂತರ 1360. ಈಗ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯಿರಿ, ಅದು ಸುಮಾರು 170 ಕ್ಯಾಲೊರಿ. ಭಾಗಿಸಿ ನೋಡಿ, ಎಂಟು ರೊಟ್ಟಿ! ಹೊಲದಲ್ಲಿ ಎತ್ತಿನ ಹಿಂದೆ ಕುಂಟೆ ಹೊಡೆದ ಅಜ್ಜನಿಗೂ ಕಂಪ್ಯೂಟರ್ ಮುಂದೆ ಕೂತ ಮೊಮ್ಮಗನಿಗೂ ದಿನಕ್ಕೆ ಎಂಟು ರೊಟ್ಟಿಯ ವ್ಯತ್ಯಾಸ. ಅಜ್ಜಿಯದೂ ಇದೇ ಕಥೆ. ಬೀಸುಕಲ್ಲು, ಬಾವಿ ನೀರು, ಹೊಲದ ಕಳೆ ಎಲ್ಲ ಅವಳ ಪಾಲಿಗೇ. ನಮಗೆ ಗಿರಣಿ ಇದೆ, ನಲ್ಲಿ ಇದೆ, ಮಿಕ್ಸರ್ ಇದೆ, ಒಳ್ಳೆಯದೇ ಆಯಿತು, ಯಾರಿಗೂ ಆ ಕಷ್ಟ ವಾಪಸ್ ಬರುವುದು ಬೇಡ. ಆದರೆ ಕೆಲಸ ಮೈಯಿಂದ ಇಳಿದು ಹೋಯಿತು, ತಾಟು ಮಾತ್ರ ಹಾಗೇ ಉಳಿಯಿತು.

ರೊಟ್ಟಿಯ ಹೊಗಳಿಕೆಯಲ್ಲೂ ಒಂದು ಗೊಂದಲ ಇದೆ. ಜೋಳ, ಗೋಧಿ, ಅಕ್ಕಿ, ಮೂರರಲ್ಲೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಚಪಾತಿ ಬಿಟ್ಟು ರೊಟ್ಟಿ ಹಿಡಿದ ಮಾತ್ರಕ್ಕೆ ತೂಕ ಇಳಿಯಲ್ಲ. ಅಕ್ಕಿಗೆ ಹೋಲಿಸಿದರೆ ಜೋಳದಲ್ಲಿ ನಾರು ಜಾಸ್ತಿ, ನೂರು ಗ್ರಾಂಗೆ ಸುಮಾರು 10 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇರಲ್ಲ. ನಾರು ಇದ್ದರೆ ಹೊಟ್ಟೆ ಬೇಗ ತುಂಬುತ್ತೆ, ತುಂಬಿದ್ದು ನಿಧಾನಕ್ಕೆ ಕರಗುತ್ತೆ. ಜೊತೆಗೆ ರೊಟ್ಟಿ ಬಡಿಯೋಕೆ ನೀರು ಸಾಕು, ಎಣ್ಣೆ ಬೇಡ. ಲಾಭ ಇಷ್ಟೇ. ಆದರೆ ಇದು ಸಣ್ಣ ಲಾಭವೇನಲ್ಲ, ಎರಡು ರೊಟ್ಟಿಗೆ ನಿಲ್ಲಿಸಿದರೆ.

ನಿಲ್ಲಿಸೋದು ಹೇಗೆ ಅನ್ನೋದೇ ಕಷ್ಟ, ಅಲ್ವಾ? ಇಲ್ಲಿ ನಮ್ಮ ಕಡೆಯ ಊಟಕ್ಕೆ ಒಂದು ದೊಡ್ಡ ಅನುಕೂಲ ಇದೆ, ಅದನ್ನ ನಾವೇ ಮರೆತಿದ್ದೇವೆ. ರೊಟ್ಟಿ ಜೊತೆ ಹಸಿ ತಪ್ಪಲು, ಅಂದ್ರೆ ಸೊಪ್ಪು, ತಿನ್ನುವ ಜನ ನಾವು. ಮೆಂತ್ಯ, ಹತ್ತರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಗಜ್ಜರಿ, ಸೌತೆಕಾಯಿ. ಬೆಂಗಳೂರಿನಲ್ಲಿ ಇದನ್ನೇ ಬಟ್ಟಲಿಗೆ ಹಾಕಿ ಮುನ್ನೂರು ರೂಪಾಯಿ ಕೇಳ್ತಾರೆ. ಆಮೇಲೆ ಕಾಳು: ಮಡಕಿ, ಹೆಸರು, ಅಲಸಂದಿ. ನಾನು ಮಾಡಿದ ಬದಲಾವಣೆ ಇಷ್ಟೇ. ಮೊದಲು ತಾಟಿನ ಅರ್ಧ ತಪ್ಪಲು ಮತ್ತು ಪಚಡಿ, ಆಮೇಲೆ ಕಾಳಿನ ಪಲ್ಯ ಕೈತುಂಬ, ಆಮೇಲೆ ರೊಟ್ಟಿ. ಕೊನೆಗೆ ಅನ್ನ ಬೇಕೆನಿಸಿದರೆ ಮಜ್ಜಿಗೆ ಜೊತೆ ಒಂದು ಸೌಟು. ರೊಟ್ಟಿ ಆದ ಮೇಲೆ ಅನ್ನ ಉಣ್ಣದಿದ್ದರೆ ಊಟವೇ ಆಗಿಲ್ಲ ಅನ್ನುವ ಚಟ ನಮಗೆ. ಅದು ಹೋಗೋಕೆ ತಿಂಗಳುಗಳೇ ಹಿಡಿದವು.

ಶೇಂಗಾ ಹಿಂಡಿ, ಅಂದ್ರೆ ಶೇಂಗಾ ಚಟ್ನಿಪುಡಿ, ಅದರ ಬಗ್ಗೆ ಹೇಳಿದರೆ ನನ್ನನ್ನ ಊರಿಂದ ಹೊರಗೆ ಹಾಕಬಹುದು. ಆದರೂ ಹೇಳ್ತೇನೆ. ನೂರು ಗ್ರಾಂ ಶೇಂಗಾದಲ್ಲಿ 40 ಗ್ರಾಂ ಮೇಲೆಯೇ ಎಣ್ಣೆ ಇರುತ್ತೆ, 500ಕ್ಕೂ ಹೆಚ್ಚು ಕ್ಯಾಲೊರಿ. ಪ್ರೋಟೀನ್ ಕೂಡ 25 ಗ್ರಾಂ ಹತ್ತಿರ ಇದೆ, ಒಪ್ಪುತ್ತೇನೆ. ಆ ಹಿಂಡಿಯ ಮೇಲೆ ನಾವು ಮತ್ತೆ ಎಣ್ಣೆ ಸುರಿದು ಕಲಸ್ತೀವಲ್ಲ, ಅದ್ಯಾಕೆ? ಮೊಸರು ಹಾಕಿ ಕಲಸಿ. ರುಚಿ ಇನ್ನೂ ಚೆಂದ. ಹಿಂಡಿ ಬಿಡಬೇಡಿ, ಚಮಚ ಸಣ್ಣದು ಮಾಡಿ. ಎಣ್ಣೆಗಾಯಿಗೂ ಅಷ್ಟೇ, ಹೆಸರಿನಲ್ಲಿ ಎಣ್ಣೆ ಇದೆ ಅಂತ ಬದನೆಕಾಯಿ ತೇಲಬೇಕಿಲ್ಲ. ಮನೆಯ ಎಣ್ಣೆ ಲೆಕ್ಕ ಬೇಕಾದರೆ ಕಿರಾಣಿ ಚೀಟಿ ನೋಡಿ. ಆಳಿಗೆ ದಿನಕ್ಕೆ 25 ಗ್ರಾಂ ಅಂತ ಹಿಡಿದರೆ ನಾಲ್ಕು ಜನಕ್ಕೆ ತಿಂಗಳಿಗೆ ಮೂರು ಕಿಲೋ. ನಿಮ್ಮ ಮನೆಗೆ ಐದು ಕಿಲೋ ಡಬ್ಬ ಬಂದು ಇಪ್ಪತ್ತನೇ ತಾರೀಕಿಗೆ ಖಾಲಿಯಾದರೆ, ಜಿಮ್ಮಿನ ಫೀಸು ಕಟ್ಟೋಕೆ ಮುಂಚೆ ಒಗ್ಗರಣೆ ಸೌಟಿನ ಕಡೆ ನೋಡಿ.

ಇದಕ್ಕಿಂತ ದೊಡ್ಡ ವೈರಿ ಚಹಾ. ಚಹಾ ಅಂದ್ರೆ ಚಹಾ ಅಲ್ಲ, ಸಕ್ಕರೆ. ಒಂದು ಕಪ್ಪಿಗೆ ಎರಡು ಚಮಚ, ಹತ್ತು ಗ್ರಾಂ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತೆ. ನಮ್ಮ ಕಡೆ ಮದುವೆ ಕಾರ್ಡು ಹಂಚೋಕೆ ಹೊರಟವರು ಮೂರನೇ ಮನೆಯಲ್ಲೇ ಅದನ್ನ ದಾಟಿರುತ್ತಾರೆ. ಒಲ್ಲೆ ಅನ್ನುವ ಹಾಗೂ ಇಲ್ಲ. "ಬರೇ ಚಾಕ್ಕ ಏನ್ ಆಕ್ಕೈತ್ರಿ, ಕುಡೀರಿ, ನಮ್ಮನಿ ಚಾ ಸೇರಂಗಿಲ್ಲೇನ?" ಅಂತಾರೆ. ಪ್ರೀತಿಯಿಂದಲೇ ಹೇಳ್ತಾರೆ, ಅದೇ ಸಮಸ್ಯೆ. ನಾನು ಕಂಡುಕೊಂಡ ದಾರಿ, ಒಳಗೆ ಕಾಲಿಡುವಾಗಲೇ "ವೈನೀ, ನನಗ ಸಕ್ಕರಿ ಹಾಕದ ಅರ್ಧ ಕಪ್ ಮಾಡ್ರಿ" ಅಂತ ಹೇಳಿಬಿಡೋದು. ಮಾಡಿದ ಮೇಲೆ ಬೇಡ ಅಂದರೆ ಅವಮಾನ, ಮೊದಲೇ ಕೇಳಿದರೆ ಸಲಿಗೆ. ಮೊದಮೊದಲು ಸಕ್ಕರೆ ಇಲ್ಲದ ಚಹಾ ಕಷಾಯದ ಹಾಗೆ ಅನಿಸಿತ್ತು. ಈಗ ಸಕ್ಕರೆ ಹಾಕಿದ್ದೇ ಗಂಟಲಲ್ಲಿ ಇಳಿಯಲ್ಲ.

ತೂಕ ಇಳಿದ ಮೇಲೆ ಬರುವ ಕಾಟ ಇನ್ನೊಂದು ಥರದ್ದು. ದಪ್ಪ ಇದ್ದಾಗ ಯಾರೂ ಕೇಳಲ್ಲ. ಸ್ವಲ್ಪ ಮುಖ ಸಣ್ಣ ಆಯಿತೋ, ಓಣಿಯ ಹಿರಿಯರು ಹಿಡಿದು ನಿಲ್ಲಿಸುತ್ತಾರೆ. "ಯಾಕವಾ, ಇಷ್ಟ್ಯಾಕ ಸೊರಗೀದಿ? ಸಕ್ಕರಿ ಗಿಕ್ಕರಿ ಬಂದೈತೇನ? ಮನ್ಯಾಗ ಎಲ್ಲಾ ಆರಾಮ ಐತಿಲ್ಲ?" ನಮ್ಮಲ್ಲಿ ತೂಕ ಇಳಿಯೋಕೆ ಎರಡೇ ಕಾರಣ, ಒಂದು ರೋಗ, ಇನ್ನೊಂದು ಚಿಂತೆ. ಬೇಕಂತಲೇ ಇಳಿಸಿದೆ ಅಂದ್ರೆ ನಂಬೋದೇ ಇಲ್ಲ.

ಆದರೆ 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಜನ, ಹೆಂಗಸರೂ ಗಂಡಸರೂ, ಅಧಿಕ ತೂಕದವರು. ಸಮೀಕ್ಷೆಯವರು ಹಿಡಿದದ್ದು ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 25 ಅಥವಾ ಅದಕ್ಕಿಂತ ಮೇಲೆ. ನಮ್ಮಂಥ ಏಷ್ಯಾದವರಿಗೆ 23 ದಾಟಿದರೇ ಎಚ್ಚರ ಇರಬೇಕು ಅಂತಾರೆ ಡಾಕ್ಟರುಗಳು, ಯಾಕೆಂದರೆ ನಮ್ಮ ಕೊಬ್ಬು ಹೊಟ್ಟೆಯ ಸುತ್ತಲೇ ಕೂರುತ್ತೆ. ಟೇಪು ಹಿಡಿದು ಸೊಂಟ ನೋಡಿಕೊಳ್ಳೋದು ಸುಲಭ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರೊಳಗೆ ಇರಲಿ.

ಇನ್ನು ಅವಸರದ ಡಯಟ್. ಮೊದಲ ವಾರ ಮೂರು ಕಿಲೋ ಇಳಿಯಿತು ಅಂತ ಕುಣಿಯುವವರು ಇದನ್ನ ಓದಲಿ. ಅನ್ನ ರೊಟ್ಟಿ ಪೂರ್ತಿ ಬಿಟ್ಟಾಗ ಮೈಯಲ್ಲಿ ಕೂಡಿಟ್ಟಿದ್ದ ಸಕ್ಕರೆಯ ದಾಸ್ತಾನು, ಗ್ಲೈಕೋಜನ್, ಖರ್ಚಾಗುತ್ತೆ, ಅದು ಹಿಡಿದಿಟ್ಟುಕೊಂಡಿದ್ದ ನೀರೂ ಹೊರಗೆ ಹೋಗುತ್ತೆ. ಇಳಿದದ್ದು ಬಹುಪಾಲು ನೀರು. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7700 ಕ್ಯಾಲೊರಿ ಕಡಿಮೆ ಆಗಬೇಕು. ದಿನಕ್ಕೆ 500 ಕಡಿಮೆ ಮಾಡಿದರೆ ಸುಮಾರು ಎರಡು ವಾರಕ್ಕೆ ಒಂದು ಕಿಲೋ. ನಿಜವಾದ ವೇಗ ಇದು. ಅಮೆರಿಕದಲ್ಲಿ ತೂಕ ಇಳಿಸುವ ಒಂದು ಟಿವಿ ಸ್ಪರ್ಧೆ ಇತ್ತು. ಅದರ 14 ಸ್ಪರ್ಧಿಗಳನ್ನ ಆರು ವರ್ಷ ಆದ ಮೇಲೆ ಪರೀಕ್ಷೆ ಮಾಡಿದರು, 2016ರಲ್ಲಿ ಅದರ ವರದಿ ಬಂತು. 13 ಜನರ ತೂಕ ಮತ್ತೆ ಏರಿತ್ತು. ಸುಮ್ಮನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿಯೂ ಇರಬೇಕಾದ್ದಕ್ಕಿಂತ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆ ಇತ್ತು. ಹಸಿವಿಟ್ಟು ಹೆದರಿಸಿದರೆ ಮೈ ಜಿಪುಣ ಆಗುತ್ತೆ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಕೇಳಿ ಇನ್‌ಬಾಕ್ಸಿಗೆ ಬರ್ತಿದ್ದಾರೆ. ನಾನು ಡಾಕ್ಟರ್ ಅಲ್ಲ. ಕೆಲವರಿಗೆ ಅದು ಬೇಕಾಗುತ್ತೆ, ಡಾಕ್ಟರ್ ಹೇಳಿದರೆ ತಗೊಳ್ಳಿ. ಆ ಥರದ ಇಂಜೆಕ್ಷನ್ ಸೆಮಾಗ್ಲುಟೈಡ್, ಅದರ ಪರೀಕ್ಷೆಯಲ್ಲಿ ಔಷಧಿ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು ಅನ್ನೋದು ಮಾತ್ರ ಗೊತ್ತಿರಲಿ. ಪಕ್ಕದ ಮನೆಯವರು ತಗೊಂಡ್ರು ಅಂತ ನೀವೂ ತಗೋಬೇಡಿ.

ಉಪವಾಸವೂ ಒಂದು ಡಯಟ್ ಅನ್ನುವವರಿದ್ದಾರೆ. ನಮ್ಮ ಮನೆಗಳಲ್ಲಿ ಏಕಾದಶಿ ದಿನ ಆಗುವ ಸಾಬೂದಾಣಿ ಕಿಚಡಿ, ಅದರ ಶೇಂಗಾ ಪುಡಿ, ಮೇಲೆ ಬಾಳೆಹಣ್ಣು, ಖರ್ಜೂರ, ಸಂಜೆ ಆಲೂಗಡ್ಡೆ... ಇರಲಿ ಬಿಡಿ, ದೇವರ ವಿಷಯ.

ನಡಿಗೆಗೆ ಬರೋಣ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು. ಚುರುಕು ಅಂದ್ರೆ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಗೋಳಗುಮ್ಮಟದ ಹತ್ತಿರ ಬೆಳಿಗ್ಗೆ ಬರುವ ಗುಂಪುಗಳಲ್ಲಿ ಅರ್ಧ ಜನ ಮಾತೇ ಆಡ್ತಿರ್ತಾರೆ, ಸೊಸೆಯಂದಿರ ವಿಷಯ, ಸೈಟಿನ ರೇಟು, ಆಮೇಲೆ ಹೊರಗೆ ಬಂದು ಒಂದು ಪ್ಲೇಟ್ ಮಿರ್ಚಿ. ಒಂದು ತಾಸು ಗಡಗಡ ನಡೆದರೂ ಸಾಧಾರಣ ಮೈಕಟ್ಟಿನವರಿಗೆ ಖರ್ಚಾಗೋದು 250, 300 ಕ್ಯಾಲೊರಿ ಅಷ್ಟೇ. ಎರಡು ಮುಷ್ಟಿ ಶೇಂಗಾ ಅದನ್ನ ವಾಪಸ್ ತರುತ್ತೆ. ಹಾಗಾಗಿ ಬರೀ ನಡಿಗೆಯಿಂದ ತೂಕ ಇಳಿಸ್ತೀನಿ ಅನ್ನೋದು ಕಷ್ಟ. ಇಳಿದದ್ದು ಮತ್ತೆ ಏರದ ಹಾಗೆ ಹಿಡಿಯೋದು ನಡಿಗೆ. ಸಕ್ಕರೆ, ಬಿಪಿ, ನಿದ್ದೆ, ಮಂಡಿ, ಎಲ್ಲಕ್ಕೂ ಅದು ಬೇಕು.

ಮತ್ತೆ ಬಸ್ಕಿ. ಗರಡಿ ಮನೆಗಳ ನಾಡು ನಮ್ಮದು, ಸಾಮು ಮಾಡಿದ ಅಜ್ಜಂದಿರ ಕಥೆ ಪ್ರತಿ ಮನೆಯಲ್ಲೂ ಇದೆ, ಆದರೆ ಬಸ್ಕಿ ಅಂದರೆ ಶಾಲೆಯ ಶಿಕ್ಷೆ ಅಂತಲೇ ಮಕ್ಕಳಿಗೆ ಗೊತ್ತು. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ಅದನ್ನ ತಡೆಯೋದು ಕಾಳಿನ ಪ್ರೋಟೀನು ಮತ್ತು ಈ ಥರದ ಕಸರತ್ತು. ಹಾಲು ಕಾಯುವಷ್ಟು ಹೊತ್ತು ಕಟ್ಟೆ ಹಿಡಿದು ಕೂತು ಏಳಿ. ಮಂಡಿ ನೋವಿದ್ದವರು ಕುರ್ಚಿ ಮೇಲೆ ಕೂತು ಏಳಿ. ಬಲ ಬಂದಿದೆಯೋ ಇಲ್ಲವೋ ನೋಡೋಕೆ ನಮ್ಮೂರಲ್ಲಿ ಉಚಿತವಲ್ಲದಿದ್ದರೂ ಅಗ್ಗದ ಪರೀಕ್ಷೆ ಇದೆ. ಬೆಂಗಳೂರಿಂದ ಬಂದ ನೆಂಟರನ್ನ ಕರಕೊಂಡು ಗುಮ್ಮಟದ ಮೆಟ್ಟಿಲು ಹತ್ತಿ. ಏಳು ಅಂತಸ್ತಿನ ಕಿರಿದಾದ ಮೆಟ್ಟಿಲು. ಮೇಲಿನ ಗ್ಯಾಲರಿಯಲ್ಲಿ ನಿಮ್ಮ ಏದುಸಿರೇ ನಿಮಗೆ ಏಳೆಂಟು ಸಲ ವಾಪಸ್ ಕೇಳಿಸುತ್ತೆ.

ಗಂಡಸರಿಗೆ ಒಂದು ಮಾತು, ಬೈದಂತೆ ಅನಿಸಿದರೂ ಸರಿ. "ನನಗ ಡಯಟ್ ಐತಿ, ಬೇರೆ ಮಾಡು" ಅಂತ ಮನೆಯಾಕೆಗೆ ಹೇಳಬೇಡಿ. ಅವಳಿಗೆ ಆಗಲೇ ಮಕ್ಕಳಿಗೆ ಒಂದು, ಅತ್ತೆಗೆ ಒಂದು, ಡಬ್ಬಿಗೆ ಒಂದು ಅಡುಗೆ ಇದೆ. ಎಲ್ಲರೂ ತಿನ್ನುವ ಅಡುಗೆಯೇ ಬದಲಾದರೆ ಅದು ಉಳಿಯುತ್ತೆ. ಒಬ್ಬರಿಗಾಗಿ ಮಾಡಿದ್ದು ಅವಳು ತವರಿಗೆ ಹೋದ ದಿನ ನಿಂತುಹೋಗುತ್ತೆ. ಇನ್ನೊಂದು, ಎಲ್ಲರದೂ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಕೆಡುತ್ತೆ ಅಂತ ತಿನ್ನುವವಳು ಅವಳೇ. ನಾನೂ ಹೆಂಗಸೇ, ಬಲ್ಲೆ. ಅಳತೆ ಕಡಿಮೆ ಮಾಡಿ ಬೇಯಿಸಿ, ಉಳಿದರೆ ಫ್ರಿಜ್ಜಿಗಿಡಿ.

ಹಬ್ಬ ಬಿಡಬೇಕಾ ಅಂತ ಕೇಳಬೇಡಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ನಾನು ಲೆಕ್ಕ ಇಡದೆ ಉಣ್ಣುತ್ತೇನೆ. ಸಿದ್ಧೇಶ್ವರ ಜಾತ್ರೆಯಲ್ಲಿ ಚುನಮರಿ ಮಿರ್ಚಿಯೂ ಆಗುತ್ತೆ. ವರ್ಷದಲ್ಲಿ ಇಂಥ ದಿನ ಎಷ್ಟು ಬರುತ್ತವೆ? ತೂಕ ಏರಿಸೋದು ಹಬ್ಬದ ಹೋಳಿಗೆಗಿಂತ ಮಂಗಳವಾರ ಸಂಜೆ ನಾಲ್ಕಕ್ಕೆ ಆಫೀಸಿನಲ್ಲಿ ಬರುವ ಬಜ್ಜಿ ಪೊಟ್ಟಣ.

ನನ್ನದು ಎರಡು ವರ್ಷ ಹತ್ತಿರ ಹಿಡಿಯಿತು, ಹತ್ತು ಕಿಲೋ ಮೇಲೆ ಇಳಿದಿದೆ. ನಡುವೆ ತಿಂಗಳುಗಟ್ಟಲೆ ಮುಳ್ಳು ಅಲ್ಲಾಡಲೇ ಇಲ್ಲ. ಸಕ್ಕರೆ, ಥೈರಾಯ್ಡ್, ಬಿಪಿ ಮಾತ್ರೆ ತಗೊಳ್ಳೋರು ಊಟ ಬದಲಿಸೋಕೆ ಮುಂಚೆ ಡಾಕ್ಟರನ್ನ ಕೇಳಿ, ಮಾತ್ರೆಯ ಪ್ರಮಾಣ ಬದಲಾಗಬೇಕಾಗಬಹುದು.

ಕೊನೆಗೆ ನಮ್ಮ ಬಡಾವಣೆಯ ಹೆಂಗಸರಿಗೆ. ಪಾರ್ಕಿನ ಗೇಟು ಬೆಳಿಗ್ಗೆ ಏಳಕ್ಕೆ ತೆಗೀತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಏಳಕ್ಕೇ ಬಿಸಿಲು ಚುರುಕು, ಅಷ್ಟೊತ್ತಿಗೆ ನಮ್ಮದು ಡಬ್ಬಿ ಕಟ್ಟುವ ಸಮಯ ಬೇರೆ. ಸಂಜೆ ಹೋಗೋಣ ಅಂದ್ರೆ ಹಿಂದಿನ ಮೂಲೆಯ ದೀಪ ಉರಿಯಲ್ಲ, ಅಲ್ಲಿ ಹುಡುಗರ ಗುಂಪು. ಐದೂವರೆಗೆ ಗೇಟು ತೆಗೆಯಿರಿ, ದೀಪ ಹಾಕಿಸಿ ಅಂತ ಅರ್ಜಿ ಬರೆದಿದ್ದೇವೆ. ಭಾನುವಾರ ಸಂಜೆ ಪಾರ್ಕಿನ ಮುಂದೆ ಇರ್ತೇವೆ, ಸಹಿ ಹಾಕೋಕೆ ಬನ್ನಿ. ನಡಕೊಂಡು ಬನ್ನಿ, ಗಾಡಿ ನಿಲ್ಲಿಸೋಕೆ ಅಲ್ಲಿ ಜಾಗ ಇಲ್ಲ.