ಯಕ್ಕಾ, ಮಾರಿ ಮ್ಯಾಲ ಮಾಡ್ರಿ

ನೆಲದಡಿಯ ಕಲ್ಲಿದ್ದಲು ಗಣಿಯಲ್ಲಿ ಜಿಪಿಎಸ್ ನಡೆಯುವುದಿಲ್ಲ. ಅಷ್ಟು ಕಲ್ಲು ದಾಟಿ ಉಪಗ್ರಹದ ಸಿಗ್ನಲ್ ಕೆಳಗೆ ಇಳಿಯುವುದಿಲ್ಲ. ಆದರೂ ಒಳಗೆ ಹೋದವನು ಎಲ್ಲಿದ್ದಾನೆ ಅಂತ ಮೇಲಿನವರಿಗೆ ತಿಳಿಯಲೇಬೇಕು. ಹಿಂದೆ ಅದಕ್ಕೆ ಒಳಗಿಳಿಯುವವನ ಲೆಕ್ಕಕ್ಕೆ ಇಟ್ಟ ಹಿತ್ತಾಳೆ ಬಿಲ್ಲೆ ಸಾಕಾಗಿತ್ತು. ಪಾಳಿ ಮುಗಿದ ಮೇಲೆ ಬಿಲ್ಲೆ ಲೆಕ್ಕ ಹೊಂದದಿದ್ದರೆ, ಯಾರೋ ಇನ್ನೂ ಕೆಳಗಿದ್ದಾನೆ ಅಂತ ಅರ್ಥ. ಈಗ ತಲೆದೀಪಕ್ಕೆ ಟ್ಯಾಗ್, ಅಂದ್ರೆ ಗುರುತು ಸಾರುವ ಪುಟ್ಟ ರೇಡಿಯೊ ಚಿಪ್ಪು, ಬಂದಿದೆ. ಸುರಂಗದ ಉದ್ದಕ್ಕೂ ನೇತುಹಾಕಿದ, ಅದನ್ನು ಓದುವ ರೀಡರ್‌ಗಳು ಆ ಟ್ಯಾಗ್ ಯಾವ ತಿರುವು ದಾಟಿತು ಅಂತ ಹೇಳುತ್ತವೆ. ಕೆಲವು ಕಡೆ ಟ್ಯಾಗ್ ಕಟ್ಟಿದ ಮನುಷ್ಯ ತೀರಾ ಹತ್ತಿರ ಬಂದರೆ ಕಲ್ಲಿದ್ದಲು ಕೊರೆಯುವ ಯಂತ್ರವೇ ನಿಂತುಬಿಡುತ್ತದೆ. 2006ರ ಜನವರಿಯಲ್ಲಿ ಅಮೆರಿಕದ ಸಾಗೊ ಗಣಿಯಲ್ಲಿ 13 ಜನ ಸಿಕ್ಕಿಬಿದ್ದು 12 ಜನ ಸತ್ತರು. ಕೆಳಗಿಳಿದವರ ಜಾಡು ಮೇಲೆ ತಿಳಿಯಬೇಕು ಅಂತ ಅದೇ ವರ್ಷ ಅಲ್ಲಿ ಕಾನೂನು ಬಂತು.

ನಮ್ಮ ಕಲಬುರಗಿಯಲ್ಲಿ ಕಲ್ಲಿದ್ದಲು ಇಲ್ಲ. ಶಹಾಬಾದ್ ಕಲ್ಲಿದೆ, ಸೇಡಂ ಕಡೆ ಸಿಮೆಂಟಿನ ಸುಣ್ಣದ ಕಲ್ಲಿದೆ, ಭೀಮಾ ನದಿಯಲ್ಲಿ ಮರಳಿದೆ. ಇಲ್ಲಿ ಎಲ್ಲವೂ ನೆಲದ ಮೇಲೇ ನಡೆಯುತ್ತದೆ, ಕಳ್ಳತನವೂ ಸೇರಿ. ತಲೆ ಮೇಲೆ ಬರೀ ಆಕಾಶ. ಸಿಗ್ನಲ್‌ಗೆ ಅಡ್ಡ ಬರಲು ಒಂದು ಮರವೂ ಇಲ್ಲ. ಇಂಥ ಕಡೆ ಸರ್ಕಾರ ಯಾರ ಜಾಡು ಹಿಡಿಯಬೇಕು? ಮರಳು ಲಾರಿಯದ್ದು ಅಂದುಕೊಂಡಿರಾ? ಪಾಪ, ನೀವು ಬಹಳ ಮುಗ್ಧರು.

ಖಾತ್ರಿ ಕೆಲಸದವರದ್ದು! 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಹಾಜರಿ ಮೊಬೈಲ್ ಆ್ಯಪ್‌ನಲ್ಲೇ ಆಗಬೇಕು ಅಂತಾಯಿತು. ದಿನಕ್ಕೆ 2 ಫೋಟೊ, ಜಾಗದ ಗುರುತಿನ ಸಮೇತ. ಗಣಿಯವನಿಗೆ ಟ್ಯಾಗ್ ಕಟ್ಟುವುದು ಕಳೆದುಹೋದರೆ ಹುಡುಕಿ ತರುವುದಕ್ಕೆ. ನಮ್ಮಲ್ಲಿ ಫೋಟೊ ತೆಗೆಯುವುದು, ಎದುರಿಗೇ ನಿಂತವಳು ಬಂದೇ ಇಲ್ಲ ಅನ್ನುವುದಕ್ಕೆ.

2025ರ ಮೇ ತಿಂಗಳಲ್ಲಿ ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಊರಿಗೆ ಹೋಗಿದ್ದೆ. ಹೆಂಗಸರು ಹೂಳು ಎತ್ತುತ್ತಿದ್ದರು. ದಿನಕ್ಕೆ 370 ರೂಪಾಯಿ ಕೂಲಿ. ಬಿಸಿಲಿಗೆ ಬುಟ್ಟಿಯ ಕಂಠ ಮುಟ್ಟಿದರೆ ಕೈ ಸುಡುತ್ತಿತ್ತು. ಕಾಯಕ ಬಂಧು, ಅಂದ್ರೆ ಹಾಜರಿ ಹಾಕುವ ಹುಡುಗಿ, ಮೊಬೈಲ್ ಎತ್ತಿಕೊಂಡು ದಿಬ್ಬದ ಮೇಲೆ ಓಡಾಡುತ್ತಿದ್ದಳು. ನೆಟ್‌ವರ್ಕಿನ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ.

‘ಯಕ್ಕಾ, ಸೆರಗು ತಗೀರಿ, ಮಾರಿ ಮ್ಯಾಲ ಮಾಡ್ರಿ!’

‘ಕಣ್ಣಾಗ ಬಿಸಿಲ್ ಹೊಡೀತದವ್ವಾ.’

‘ಕಣ್ ಮುಚ್ಚಿದ್ರೂ ನಡೀತದ, ಮಾರಿ ಕಾಣ್ಬೇಕ್ರಿ.’

ಇಷ್ಟೆಲ್ಲ ಮಾಡಿದ ಮೇಲೆ ಕಳ್ಳ ಹಾಜರಿ ನಿಂತಿತಾ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಬರೆಯಿತು. ಸಂಬಂಧವಿಲ್ಲದ ಫೋಟೊ ಹಾಕುತ್ತಿದ್ದಾರೆ, ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ, ಒಂದೇ ಫೋಟೊ ಹಲವು ಹಾಜರಿ ಪಟ್ಟಿಗೆ ಬಳಸುತ್ತಿದ್ದಾರೆ ಅಂತ. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ನಿಂತವರೇ ದಡ್ಡರು, ಅಲ್ವಾ?

ಮರಳು ಲಾರಿಗೂ ಜಿಪಿಎಸ್ ಇರಬೇಕು ಅಂತ ನಿಯಮ ಇದೆ ಅನ್ನಿ. ಅದು ರಾತ್ರಿ ಹೊತ್ತು ನಿದ್ದೆ ಮಾಡುತ್ತದೆ. ಬೇಸಿಗೆಯಲ್ಲಿ ಹಗಲೂ ಜೊಂಪು ಹತ್ತುತ್ತದೆ.

ಅವತ್ತು ಕೊನೆಗೂ 2 ಕಡ್ಡಿ ಬಂತು. ಹೆಂಗಸರು ಸಾಲಾಗಿ ನಿಂತರು. ಸರಿಯಾಗಿ ಅದೇ ಹೊತ್ತಿಗೆ ನದಿ ಕಡೆಯಿಂದ ಲಾರಿಯೊಂದು ನೀರು ಸೋರಿಸುತ್ತಾ ಮೇಲೆ ಬಂತು. ಬಾಡಿ ತುಂಬ ಹಸಿ ಮರಳು. ನಾನು ಹುಡುಗಿಯ ಮೊಬೈಲಿಗೆ ಬಗ್ಗಿ ನೋಡಿದೆ. ಹೆಂಗಸರ ಹಿಂದೆ ಲಾರಿ, ಲಾರಿಯ ನಂಬರ್ ಪ್ಲೇಟ್, ತಾರೀಖು, ಟೈಮು, ಜಾಗದ ಗುರುತು, ಎಲ್ಲ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಬಿದ್ದಿತ್ತು.

ಹುಡುಗಿ ಹಣೆ ಚಚ್ಚಿಕೊಂಡಳು.

‘ಥೂ, ಲಾರಿ ಬಂದು ಫೋಟೊ ಕೆಡಿಸ್ತು. ಅದು ಹೋಗ್ಲಿ ತಡೀರಿ ಯಕ್ಕಾ, ಮತ್ತೊಮ್ಮೆ ತಗೀತೀನಿ.’